ಮುಳುಗುವ ಸೇತುವೆಯೂ ಸೇತುವೆಯೇ

ಚಿಕ್ಕೋಡಿ ಕಡೆಯ ನಮ್ಮ ಮಾಮಾನಿಗೆ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ. ಮಾತ್ರೆ ಒಂದು ದಿನವೂ ತಪ್ಪಿಸುವುದಿಲ್ಲ. ಕಳೆದ ವರ್ಷ ಠೇವಣಿ ಮುರಿಸಲು ಒಂದು ಬ್ಯಾಂಕಿಗೆ ಹೋದಾಗ ನಾನೂ ಜೊತೆಗಿದ್ದೆ. ಮ್ಯಾನೇಜರ್ ಮಾಮಾನ ಮುಖ ನೋಡದೆ ನನ್ನನ್ನೇ ಕೇಳಿದರು: "ಇವರ ತಲಿ ಸರಿ ಐತೇನ್ರಿ?" ಮಾಮಾ ಕಿಸೆಯಿಂದ ರಸೀದಿ ತೆಗೆದು, ಮಡಿಕೆ ಬಿಡಿಸಿ ಟೇಬಲ್ ಮೇಲಿಟ್ಟರು. "ಮಾರ್ಚ್ ತನಕಾ ಬಿಟ್ರ ಬಡ್ಡಿ ಜಾಸ್ತಿ ಬರತೈತಿ, ಗೊತ್ತೈತ್ರಿ. ಆದ್ರ ಬೋರಿನ ಮೋಟರ್ ಈಗ ಸುಟ್ಟೈತಿ." ಆದರೂ ಡಾಕ್ಟರ್ ಸರ್ಟಿಫಿಕೇಟ್ ತನ್ನಿ ಎಂದು ವಾಪಸ್ ಕಳಿಸಿದರು.

'ತಲೆ ಸರಿ ಇದೆಯಾ' ಎಂದು ಕಾನೂನು ಕೇಳುವುದೇ ಇಲ್ಲ. 1872ರ ಕರಾರು ಕಾಯ್ದೆಯ 12ನೇ ಕಲಂ ನೋಡುವುದು ಇಷ್ಟೇ: ಈ ಹೊತ್ತಿನಲ್ಲಿ, ಈ ಕರಾರು ಇವರಿಗೆ ಅರ್ಥವಾಗುತ್ತದೆಯೇ, ಲಾಭ ನಷ್ಟ ತೂಗಬಲ್ಲರೇ? ಅಲ್ಲೇ ಒಂದು ಉದಾಹರಣೆ ಇದೆ. ಹುಚ್ಚಾಸ್ಪತ್ರೆಯಲ್ಲಿರುವ ರೋಗಿಯೂ ನಡುನಡುವೆ ಸ್ವಸ್ಥನಾದಾಗ ಕರಾರು ಮಾಡಬಹುದು. ಜ್ವರ ನೆತ್ತಿಗೇರಿ ಬಡಬಡಿಸುವ ಆರೋಗ್ಯವಂತ ಆ ಹೊತ್ತಿನಲ್ಲಿ ಮಾಡುವಂತಿಲ್ಲ!

ನಮ್ಮ ಕಡೆಯ ಕಲ್ಲೋಳ–ಯಡೂರ ಸೇತುವೆ ಮಳೆಗಾಲದಲ್ಲಿ ಕೃಷ್ಣೆಯೊಳಗೆ ಮುಳುಗುತ್ತದೆ. ನೀರು ಇಳಿದರೆ ಜನ ದಾಟುತ್ತಾರೆ. ಸೇತುವೆಯೇ ಇಲ್ಲ ಅಂತ ಯಾರೂ ಅನ್ನಲ್ಲ ಅಲ್ವಾ? ಇನ್ನೊಂದು ನೋಡಿ. ಸಿಂಗಲ್ ಫೇಸ್ ಕರೆಂಟ್ ಇದ್ದಾಗ ಹೊಲದ ತ್ರೀ ಫೇಸ್ ಮೋಟರ್ ಓಡುವುದಿಲ್ಲ, ಮನೆಯ ಬಲ್ಬ್ ಉರಿಯುತ್ತದೆ. ಹಾಗೆಯೇ ಹೊಲ ಮಾರುವ ಲೆಕ್ಕ ಇವತ್ತು ಹಿಡಿಯದವರು, ಯಾವ ಮಾತ್ರೆ ಬೇಕು ಎಂದು ಇವತ್ತೇ ಹೇಳಬಲ್ಲರು. ನಿರ್ಧರಿಸುವ ಶಕ್ತಿ ಹೊತ್ತಿಗೊಂದು, ವಿಷಯಕ್ಕೊಂದು.

ಅಮಾವಾಸ್ಯೆಗೆ ಹುಚ್ಚು ಕೆರಳುತ್ತದೆ ಎಂದು ನಮ್ಮ ಕಡೆ ಈಗಲೂ ತಾಯತ ಕಟ್ಟಿಸುತ್ತಾರೆ. ಅದನ್ನು ನೋಡಿದಾಗೆಲ್ಲ ಸಂಕಟವಾಗುತ್ತದೆ. ಬ್ರಿಟಿಷರೂ ಇದರಿಂದ ಹೊರಗಿರಲಿಲ್ಲ. 1912ರ ಲೂನಸಿ (ಹುಚ್ಚು) ಕಾಯ್ದೆಯ ಹೆಸರಲ್ಲೇ 'ಲೂನಾ' ಇದೆ, ಲ್ಯಾಟಿನ್‌ನಲ್ಲಿ ಚಂದ್ರ ಎಂದರ್ಥ. 1987ರಲ್ಲಿ ಬೇರೆ ಕಾಯ್ದೆ ಬಂತು. ನಿಜವಾದ ಬದಲಾವಣೆ ತಂದದ್ದು 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017. ಅದರ ಪ್ರಕಾರ ಕಾಯಿಲೆ ಇದೆ ಎಂದ ಮಾತ್ರಕ್ಕೆ ಯಾರೂ ಬುದ್ಧಿ ಸ್ವಾಧೀನದಲ್ಲಿ ಇಲ್ಲದವರಾಗುವುದಿಲ್ಲ, ಹಾಗೆ ಹೇಳಬೇಕಾದದ್ದು ನ್ಯಾಯಾಲಯ. ಚಿಕಿತ್ಸೆಯ ಬಗ್ಗೆ ರೋಗಿಯ ನಿರ್ಧಾರ ಮನೆಯವರಿಗೆ ತಪ್ಪು ಅನಿಸಿದರೂ, ಅಷ್ಟಕ್ಕೇ ರೋಗಿಗೆ ನಿರ್ಧರಿಸುವ ಶಕ್ತಿ ಇಲ್ಲ ಎನ್ನುವಂತಿಲ್ಲ. ಸರಪಳಿಯಲ್ಲಿ ಕಟ್ಟುವುದಂತೂ ಪೂರ್ತಿ ನಿಷೇಧ.

ಬೌದ್ಧಿಕ ಅಂಗವೈಕಲ್ಯ, ಅಂದರೆ ಚಿಕ್ಕಂದಿನಿಂದಲೇ ಕಲಿಯುವ, ತಿಳಿಯುವ ಶಕ್ತಿ ಕಡಿಮೆ ಇರುವುದು, ಮಾನಸಿಕ ಕಾಯಿಲೆಗಿಂತ ಬೇರೆ, ಅದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಗೆ ಸೇರುತ್ತದೆ. ಅಲ್ಲೂ ಇದೇ ಎಳೆ. ಆ ಕಾಯ್ದೆಯ ಸೀಮಿತ ಪೋಷಕತ್ವ ಎಂದರೆ ಪೋಷಕರು ಇಂಥದ್ದೇ ನಿರ್ಧಾರಕ್ಕೆ, ಇಂತಿಷ್ಟೇ ಕಾಲಕ್ಕೆ, ಆ ವ್ಯಕ್ತಿಯ ಜೊತೆ ಕೂತು ಮಾತಾಡಿ ತೀರ್ಮಾನಿಸುವುದು.

ಮಾಮಾ ಮೂರನೇ ದಿನ ಸರ್ಟಿಫಿಕೇಟ್ ಹಿಡಿದು ಮತ್ತೆ ಹೋದರು. ಅಷ್ಟರಲ್ಲಿ ಮೆಣಸಿನ ಸಸಿ ಬಾಡಿದ್ದವು.