ತುಟಿಗೆ ಹತ್ತಿದ ಜುಮ್ಮು

ಹುಬ್ಬಳ್ಳಿಯ ಖಾನಾವಳಿಯನ್ನು ಕಣ್ಣು ಮುಚ್ಚಿಕೊಂಡೂ ಗುರುತಿಸಬಹುದು. ಕಟ್, ಕಟ್ ಅಂತ ಖಡಕ್ ರೊಟ್ಟಿ ಮುರಿಯುವ ಸಪ್ಪಳ ಒಂದು ಮೇಜಿನಿಂದ ಇನ್ನೊಂದಕ್ಕೆ ದಾಟುತ್ತಲೇ ಇರುತ್ತದೆ. ತಾಟಿನಲ್ಲಿ ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ನಾಲ್ಕು ಎಸಳು ಮೆಂತ್ಯದ ತಪ್ಪಲು. ಮೂಲೆಯಲ್ಲಿ ಒಂದು ಚಮಚ ಕೆಂಪು ಖಾರ.

ಆ ಸಪ್ಪಳವೂ ಊಟದ ಪಾಲೇ. 2004ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮಾಸ್ಸಿಮಿಲಿಯಾನೊ ಝಾಂಪಿನಿ ಮತ್ತು ಚಾರ್ಲ್ಸ್ ಸ್ಪೆನ್ಸ್ ಜನರ ಕಿವಿಗೆ ಹೆಡ್‌ಫೋನ್ ಹಾಕಿಸಿ ಆಲೂಗಡ್ಡೆ ಚಿಪ್ಸ್ ಕಡಿಸಿದರು. ಕಡಿದ ಸದ್ದನ್ನೇ ತುಸು ಜೋರು ಮಾಡಿ, ಅದರಲ್ಲಿನ ತಾರಸ್ವರವನ್ನು ಏರಿಸಿ ಕೇಳಿಸಿದಾಗ, ಅದೇ ಚಿಪ್ಸು ಹೆಚ್ಚು ಗರಿಗರಿ, ಹೆಚ್ಚು ತಾಜಾ ಅನ್ನಿಸಿತು. 2008ರಲ್ಲಿ ಈ ಪ್ರಯೋಗಕ್ಕೆ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನ ಸಿಕ್ಕಿತು. ನಮ್ಮ ಕಡೆಯ ಅಜ್ಜಿಯರಿಗೆ ಕೇಳಿದ್ದರೆ ಪ್ರಯೋಗವಿಲ್ಲದೆಯೇ ಹೇಳುತ್ತಿದ್ದರು: ಸಪ್ಪಳ ಮಾಡದ ರೊಟ್ಟಿ ಮೆತ್ತಗಾದ ರೊಟ್ಟಿ. ಜೋಳದಲ್ಲಿ ಗೋಧಿಯ ಗ್ಲುಟೆನ್ ಇಲ್ಲ, ಹಿಟ್ಟಿಗೆ ಜಿಗಿಯಿಲ್ಲ. ಅದಕ್ಕೇ ಕುದಿಯುವ ಎಸರು ಹಾಕಿ ಪಿಷ್ಟವನ್ನು ಅಂಟಾಗಿಸಿ ನಾದುತ್ತಾರೆ, ಲಟ್ಟಿಸುವ ಬದಲು ಅಂಗೈಯಿಂದ ಬಡಿಯುತ್ತಾರೆ. ಬೇಯಿಸಿ ನೀರೆಲ್ಲ ಆರಿಸಿದರೆ ತಿಂಗಳು ಕಳೆದರೂ ಅದು ಕಟ್ ಅನ್ನುತ್ತದೆ.

ಇನ್ನು ಖಾರ. ಆಯುರ್ವೇದದ ಆರು ರಸಗಳಲ್ಲಿ ಕಟುವಿಗೂ ಒಂದು ಪೀಠವಿದೆ. ಆದರೆ ಇಂದಿನ ಶರೀರಶಾಸ್ತ್ರ ಅದನ್ನು ರುಚಿಗಳ ಪಂಕ್ತಿಯಲ್ಲಿ ಕೂಡಿಸುವುದಿಲ್ಲ. ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಜಪಾನಿನ ಕಿಕುನೆ ಇಕೆದಾ 1908ರಲ್ಲಿ ಹೆಸರಿಟ್ಟ ಉಮಾಮಿ (ಅಣಬೆ, ಮಾಂಸದ ಸಾರಿನಲ್ಲಿರುವಂಥ ಗಾಢ ರುಚಿ), ಇಷ್ಟೇ. ಖಾರ ಒಂದು ಉರಿ. ನಮ್ಮ ನೋವಿನ ನರಗಳಲ್ಲಿ ಟಿಆರ್‌ಪಿವಿ1 ಎಂಬ ಪುಟ್ಟ ಬಾಗಿಲಿದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ಬಿಸಿ ತಾಗಿದರೆ ಅದು ತೆರೆದು "ಸುಡುತ್ತಿದೆ" ಎಂದು ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಬಿಸಿಯೇ ಇಲ್ಲದೆ ಅದೇ ಬಾಗಿಲನ್ನು ತೆರೆಯುತ್ತದೆ. ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ ಇದನ್ನು 1997ರಲ್ಲಿ ಕಂಡುಹಿಡಿಯಿತು. 2021ರ ವೈದ್ಯಕೀಯ ನೊಬೆಲ್‌ನಲ್ಲಿ ಜೂಲಿಯಸ್‌ಗೆ ಪಾಲು ಬಂತು. ಮಿರ್ಚಿ ಭಜಿ ತಿಂದ ಬಾಯಿಗೆ ಬಿಸಿ ಚಹಾ ಸುರಿದುಕೊಂಡು ಒದ್ದಾಡಿದವರಿಗೆ ಎರಡು ಉರಿಗೂ ಬಾಗಿಲು ಒಂದೇ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಹೊರಗಿನವರು ನಮ್ಮ ಕೆಂಪು ಖಾರದ ಬಣ್ಣ ನೋಡಿಯೇ ಹೆದರುತ್ತಾರೆ. ಬಣ್ಣ ಬರುವುದು ಕ್ಯಾಪ್ಸ್ಯಾಂಥಿನ್‌ನಿಂದ, ಉರಿ ಬರುವುದು ಕ್ಯಾಪ್ಸೈಸಿನ್‌ನಿಂದ. ಒಂದು ಹೆಚ್ಚಿದ್ದಲ್ಲಿ ಇನ್ನೊಂದೂ ಹೆಚ್ಚಿರಬೇಕೆಂಬ ನಿಯಮವಿಲ್ಲ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಹೆಸರು ಮಾಡಿದ್ದೇ ಬಣ್ಣದಿಂದ. ಸುಕ್ಕುಗಟ್ಟಿದ ಆ ಕಾಯಿ ನೋಡಲು ಬೆಂಕಿ, ಬಾಯಲ್ಲಿ ಸಾಧು. ಅದೂ ಉರಿಯಿತೆಂದರೆ ನೀರು ಕುಡಿದು ಉಪಯೋಗವಿಲ್ಲ. ಕ್ಯಾಪ್ಸೈಸಿನ್ ಕರಗುವುದು ಜಿಡ್ಡಿನಲ್ಲಿ, ಅದನ್ನು ಹಿಡಿದು ಒಯ್ಯುವುದು ಮೊಸರಿನ ಕೇಸಿನ್ ಪ್ರೋಟೀನು. ಖಾನಾವಳಿಯಲ್ಲಿ ಹಿಂಡಿಯ ಮೇಲೆ ಹಸಿ ಎಣ್ಣೆ ಬಿಟ್ಟು ಪಕ್ಕಕ್ಕೆ ಮೊಸರು ಸುರಿಯುವವನು ಈ ಲೆಕ್ಕವನ್ನು ಕೈಯಲ್ಲೇ ಇಟ್ಟುಕೊಂಡಿರುತ್ತಾನೆ.

ಈ ನಾಲಿಗೆ ಹೊತ್ತುಕೊಂಡು ಒಮ್ಮೆ ಸಿಂಗಪುರಕ್ಕೆ ಹೋಗಿದ್ದೆ. ವಿಮಾನದ ಊಟದ ಬಗ್ಗೆ ಹೆಚ್ಚು ಹೇಳುವುದು ಬೇಡ. ಅಡುಗೆಯವರನ್ನು ಬಯ್ಯುವುದೂ ಬೇಡ, ಒಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟು, ತೇವಾಂಶ ಬಹಳ ಸಲ ಶೇ. 20ಕ್ಕಿಂತ ಕಡಿಮೆ. ಒಣಗಿದ ಮೂಗಿಗೆ ಅರ್ಧ ರುಚಿ ಗೊತ್ತಾಗುವುದೇ ಇಲ್ಲ. ಚೀಲದಲ್ಲಿದ್ದ ಶೇಂಗಾ ಹಿಂಡಿ ಕಾಪಾಡಿತು.

ಅಲ್ಲಿ ಸಂಜೆ ಒಂದು ಸಿಚುವಾನ್ ಹೋಟೆಲಿನಲ್ಲಿ ತೋಫು ಮತ್ತು ಅನ್ನ ತರಿಸಿಕೊಂಡೆ. ಖಾರಕ್ಕೆ ನಾನೇನು ಹೆದರುವವನೇ ಎಂಬ ಜಂಬ. ಎರಡನೇ ತುತ್ತಿಗೆ ತುಟಿ ನಡುಗತೊಡಗಿತು. ಉರಿಯಲ್ಲ, ನೋವೂ ಅಲ್ಲ. ಇರುವೆಗಳ ಸಾಲು ಓಡಿದ ಹಾಗೆ. ಖಾರ ಮತ್ತು ಈ ನಡುಕದ ಜೋಡಿಗೆ ಚೀನೀಯರು ಮಾಲಾ ಅನ್ನುತ್ತಾರೆ. ಲಾ ಅಂದರೆ ಖಾರ, ಮಾ ಅಂದರೆ ಮರಗಟ್ಟುವುದು. ಮರಗಟ್ಟಿಸುವುದು ಸಿಚುವಾನ್ ಮೆಣಸಿನಲ್ಲಿರುವ ಸ್ಯಾನ್‌ಶೂಲ್. ಇದರ ಸಂಗ ಸ್ಪರ್ಶದ ನರಗಳ ಜೊತೆ. 2013ರಲ್ಲಿ ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಸಂಶೋಧಕರು ಜನರ ತುಟಿಗೆ ಈ ಮೆಣಸು ಸವರಿ, ಬೆರಳ ತುದಿಗೆ ಕಂಪಿಸುವ ಸಣ್ಣ ಯಂತ್ರ ಹಚ್ಚಿ, ಎರಡನ್ನೂ ಹೋಲಿಸಲು ಹೇಳಿದರು. ತುಟಿಯ ನಡುಕ ಸೆಕೆಂಡಿಗೆ ಸುಮಾರು 50 ಕಂಪನಕ್ಕೆ ಹೊಂದಿತು. ನಮ್ಮ ಮನೆಗಳ ಕರೆಂಟೂ 50 ಹರ್ಟ್ಸೇ! ಆದರೆ ತುಟಿ ಎಲ್ಲೂ ಅಲುಗಿರುವುದಿಲ್ಲ, ನರ ಮಾತ್ರ ಅಲುಗಿದಂತೆ ವರದಿ ಕೊಡುತ್ತಿರುತ್ತದೆ.

ಜೊತೆಗಿದ್ದ ಸಹೋದ್ಯೋಗಿಗೆ ಇದನ್ನು ಇಂಗ್ಲಿಷಿನಲ್ಲಿ ವಿವರಿಸಲು ಒದ್ದಾಡಿದೆ. ಕನ್ನಡದಲ್ಲಿ ಒಂದೇ ಮಾತು ಸಾಕಿತ್ತು: ಜುಮ್ ಅಂತದ.

ಆ ಮಾತೇ ಒಂದು ಕಾಯಿಯ ಹೆಸರೂ ಹೌದು ಎಂಬುದು ಊರಿಗೆ ಬಂದ ಮೇಲೆ ಗೊತ್ತಾಯಿತು. ಘಟ್ಟದ ಕಾಡಿನ ಜುಮ್ಮನಕಾಯಿ, ಕೊಂಕಣಿಗರ ತಿರಫಳ, ಕರಾವಳಿಯ ಮೀನಿನ ಸಾರಿಗೆ ಬೀಳುವ ಮಸಾಲೆ. ಸಿಚುವಾನ್ ಮೆಣಸೂ ಅದೂ ಝಾಂಥೋಜೈಲಮ್ ಎಂಬ ಒಂದೇ ಕುಲದವು. ನಿಂಬೆ, ಕರಿಬೇವುಗಳ ಬಳಗ. ಹುಬ್ಬಳ್ಳಿಯಿಂದ ಘಟ್ಟ ಇಳಿದರೆ ಸಿಗುವುದನ್ನು ನಾನು ಸಮುದ್ರ ದಾಟಿ ತಿಂದು ಬಂದಿದ್ದೆ.

ಕುಮಟಾದ ಗೆಳೆಯ ಒಂದು ಡಬ್ಬಿ ತಂದುಕೊಟ್ಟ. ಮುಚ್ಚಳ ತೆಗೆದದ್ದೇ ತಡ, ಸಿಂಗಪುರದ ಆ ಮೇಜು, ಒದ್ದೆ ನೆಲ, ಪಕ್ಕದ ಫ್ಯಾನಿನ ಗಾಳಿ ಎಲ್ಲ ಒಮ್ಮೆಲೇ ಬಂದವು. ಕಂಡದ್ದು, ಕೇಳಿದ್ದು ಮಿದುಳಿನ ಥಲಾಮಸ್ ಎಂಬ ನಾಕಾ ದಾಟಿ ಹೋಗಬೇಕು. ವಾಸನೆಗೆ ಆ ನಾಕಾ ಇಲ್ಲ; ಭಾವನೆಯ ಅಮಿಗ್ಡಲಾಗೆ, ನೆನಪಿನ ಹಿಪೊಕ್ಯಾಂಪಸ್‌ನ ಹೊಸ್ತಿಲಿಗೆ ಅದು ಹತ್ತಿರದ ದಾರಿಯಲ್ಲಿ ನುಗ್ಗುತ್ತದೆ. ನಾವು ರುಚಿ ಅನ್ನುವುದರಲ್ಲಿ ಬಹುಪಾಲು, ಅಗಿಯುವಾಗ ಗಂಟಲ ಹಿಂದಿನಿಂದ ಮೂಗಿಗೆ ಏರುವ ಈ ವಾಸನೆಯೇ. ನಂಬಿಕೆಯಾಗದಿದ್ದರೆ ಮೂಗು ಹಿಡಿದು ಧಾರವಾಡ ಪೇಢೆ ಬಾಯಿಗೆ ಹಾಕಿಕೊಳ್ಳಿ. ಬರೀ ಸಿಹಿ. ಮೂಗು ಬಿಟ್ಟ ಕೂಡಲೇ ಹುರಿದ ಖವಾದ ಕಂಪು, ಆಗ ಅದು ಪೇಢೆ.

ಒಂದು ಕಾಯಿಯ ಸಿಪ್ಪೆ ಮುರಿದು ಹೆಂಡತಿಯ ಕೈಗಿಟ್ಟೆ. ಅಗಿದಳು, ಸುಮ್ಮನಾದಳು, ಬೆರಳಿನಿಂದ ತುಟಿ ಮುಟ್ಟಿ ನೋಡಿಕೊಂಡಳು.

"ಅಯ್ಯ, ಇದೇನ್ರಿ, ಮೊಬೈಲ್ ನುಂಗಿದಂಗ ಆತಲ್ಲ!"