ವಿಡಿಯೋ ವಾಲ್ ಸಿಂಕ್: ಗಡಿಯಾರ ಒಂದೇ ಇದ್ರೂ ಚಿತ್ರ ಯಾಕೆ ಹಿಂದೆ ಬೀಳುತ್ತೆ?

ಪಕ್ಕಪಕ್ಕ ನಾಲ್ಕು ದೊಡ್ಡ ಪರದೆ, ಒಂದೊಂದರ ಹಿಂದೆ ಒಂದೊಂದು ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್), ಒಂದೇ ವಿಡಿಯೋದ ನಾಲ್ಕು ತುಂಡು. ಕ್ರಾಪ್ ಮಾಡೋದು, ನೆಟ್‌ವರ್ಕ್ ಜೋಡಿಸೋದು ನಿಮಗೆ ಗೊತ್ತಿರೋದೇ, ಬಿಟ್ಟು ಮುಂದೆ ಹೋಗ್ತೀನಿ.

ನಾಲ್ಕಕ್ಕೂ ಒಟ್ಟಿಗೆ 'ಪ್ಲೇ' ಕೊಟ್ಟರೆ ಸಾಲದು. ಪ್ರತಿ ಯಂತ್ರಕ್ಕೂ ತನ್ನದೇ ಕ್ರಿಸ್ಟಲ್ ಗಡಿಯಾರ. ಎರಡರ ನಡುವೆ 50 ಪಿಪಿಎಂ (ಹತ್ತು ಲಕ್ಷಕ್ಕೆ 50 ಭಾಗ) ವ್ಯತ್ಯಾಸ ಇದ್ರೆ ಗಂಟೆಗೆ 180 ಮಿಲಿಸೆಕೆಂಡ್ ತಪ್ಪುತ್ತೆ. 25 ಎಫ್‌ಪಿಎಸ್ (ಸೆಕೆಂಡಿಗೆ 25 ಫ್ರೇಮ್) ವಿಡಿಯೋದಲ್ಲಿ ಒಂದು ಫ್ರೇಮ್ ಅಂದ್ರೆ 40 ಮಿಲಿಸೆಕೆಂಡ್, ಹಾಗಾಗಿ 13 ನಿಮಿಷ ದಾಟುತ್ತಿದ್ದಂತೆ ಒಂದು ಫ್ರೇಮ್ ಹೋಯ್ತು. ನಿಂತ ದೃಶ್ಯದಲ್ಲಿ ಇದು ಕಾಣಲ್ಲ. ಎರಡು ಸೆಕೆಂಡಲ್ಲಿ 1920 ಪಿಕ್ಸೆಲ್ ದಾಟುವ ಬಸ್ಸು ಬಂದಾಗ ಮಾತ್ರ ಪರದೆಗಳ ಸಂದಿನಲ್ಲಿ ಅದರ ಕಿಟಕಿ ಸುಮಾರು 38 ಪಿಕ್ಸೆಲ್ ಜಾರಿ ನಿಲ್ಲುತ್ತೆ.

ವಿಡಿಯೋ ಓಡಿಸೋ ಜಿಸ್ಟ್ರೀಮರ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ಉಪಾಯ ಇದೆ: ಒಂದು ಯಂತ್ರ ನೆಟ್‌ವರ್ಕ್ ಮೇಲೆ ಸಮಯ ಹಂಚುತ್ತೆ, ಉಳಿದವು ಅದನ್ನೇ ತಮ್ಮ ಕ್ಲಾಕ್ ಮಾಡಿಕೊಳ್ಳುತ್ತವೆ. ಆದರೂ ಚಿತ್ರ ಕೂಡಲ್ಲ! ತಲೆ ಕೆಡಿಸೋದು ಇದೇ ಹಂತ, ಹಾಗಾಗಿ ನಿಧಾನವಾಗಿ ನೋಡೋಣ.

ಈಗ ಯಾವ ಫ್ರೇಮ್ ತೋರಿಸಬೇಕು ಅನ್ನೋದನ್ನು ಕ್ಲಾಕ್ ಒಂದೇ ಹೇಳಲ್ಲ. ಲೆಕ್ಕ ಹೀಗೆ: ರನ್ನಿಂಗ್ ಟೈಮ್ = ಕ್ಲಾಕ್ ಟೈಮ್ − ಬೇಸ್ ಟೈಮ್. ಬೇಸ್ ಟೈಮ್ ಅಂದ್ರೆ ವಿಡಿಯೋ ಶುರುವಾದಾಗ ಕ್ಲಾಕ್ ತೋರಿಸ್ತಿದ್ದ ಸಮಯ, ರನ್ನಿಂಗ್ ಟೈಮ್ ಅಂದ್ರೆ ಅಲ್ಲಿಂದ ಓಡಿದ ಸಮಯ. ಕ್ಲಾಕ್ 5000 ಸೆಕೆಂಡ್, ಮೊದಲ ಯಂತ್ರದ ಬೇಸ್ 4990 ಅಂದುಕೊಳ್ಳಿ. ರನ್ನಿಂಗ್ ಟೈಮ್ 10, ಅಂದ್ರೆ 250 ಫ್ರೇಮ್ ಮುಗಿದಿದೆ. ಎರಡನೆಯದರ ಎಸ್‌ಡಿ ಕಾರ್ಡ್ ನಿಧಾನ, 0.3 ಸೆಕೆಂಡ್ ತಡವಾಗಿ ಶುರುವಾಗಿ ತನ್ನ ಬೇಸ್ ಅನ್ನು 4990.3 ಅಂತ ಬರೆದುಕೊಂಡಿತು. ಅದರ ರನ್ನಿಂಗ್ ಟೈಮ್ 9.7. ಎರಡರ ಕ್ಲಾಕೂ 5000 ಅಂತಲೇ ಹೇಳ್ತಿದೆ, ಆದ್ರೆ ಚಿತ್ರ ಕೊನೇವರೆಗೂ ಏಳೆಂಟು ಫ್ರೇಮ್ ಹಿಂದೆ.

ಹಾಗಾಗಿ ಕ್ಲಾಕ್ ಜೊತೆ ಬೇಸ್ ಟೈಮನ್ನೂ ಎಲ್ಲರಿಗೂ ಕಳಿಸಬೇಕು. ತಡವಾದ ಯಂತ್ರಕ್ಕೆ ತಾನು ಹಿಂದಿದ್ದೀನಿ ಅಂತ ಆಗ ಗೊತ್ತಾಗಿ, ತಡವಾದ ಫ್ರೇಮ್ ಬಿಟ್ಟು ಬಂದು ಸೇರಿಕೊಳ್ಳುತ್ತೆ. ನನ್ನ ಮೆಚ್ಚಿನ ಚಮತ್ಕಾರ: ಬೇಸ್ ಅನ್ನು 'ಈಗ + 2 ಸೆಕೆಂಡ್' ಅಂತ ಕೊಡೋದು. ಎಲ್ಲವೂ ಮೊದಲ ಫ್ರೇಮ್ ಹಿಡಿದು ಕಾಯುತ್ತವೆ, ಬಿಡೋ ಪ್ರಸಂಗವೇ ಬರಲ್ಲ.

ಇದರಲ್ಲೊಂದು ಬಲೆ ಇದೆ. ಪೈಪ್‌ಲೈನ್ (ವಿಡಿಯೋ ಓದಿ ಪರದೆಗೆ ಕಳಿಸೋ ಜಿಸ್ಟ್ರೀಮರ್ ಸರಪಳಿ) ಪ್ಲೇಯಿಂಗ್ ಸ್ಥಿತಿಗೆ ಹೋಗುವಾಗ ಬೇಸ್ ಟೈಮನ್ನು ತಾನೇ ಲೆಕ್ಕ ಹಾಕಿ ನಿಮ್ಮದನ್ನು ಅಳಿಸಿಬಿಡುತ್ತೆ, ಎರರ್ ಕೂಡ ಬರಲ್ಲ. ಪೈಪ್‌ಲೈನ್‌ನ ಸ್ಟಾರ್ಟ್ ಟೈಮ್ ಅನ್ನೋ ಸೆಟ್ಟಿಂಗನ್ನು ಮೊದಲೇ 'NONE' (ಯಾವ ಸಮಯವೂ ಇಲ್ಲ) ಮಾಡಿಟ್ಟರೆ ನೀವು ಕೊಟ್ಟದ್ದೇ ಉಳಿಯುತ್ತೆ.

ಇಷ್ಟಾದ್ಮೇಲೂ 60 ಹರ್ಟ್ಸ್ ಪರದೆಗಳು ಬೇರೆ ಬೇರೆ ಗಳಿಗೆಯಲ್ಲಿ ರಿಫ್ರೆಶ್ ಆಗಿ 16.7 ಮಿಲಿಸೆಕೆಂಡ್‌ವರೆಗೆ ಅಂತರ ಉಳಿಯಬಹುದು. ಅದಕ್ಕೆ ಜೆನ್‌ಲಾಕ್ (ಎಲ್ಲ ಪರದೆಗಳ ರಿಫ್ರೆಶ್ ಅನ್ನು ಒಂದೇ ಗಳಿಗೆಗೆ ಕಟ್ಟೋ ವ್ಯವಸ್ಥೆ) ಇರುವ ಹಾರ್ಡ್‌ವೇರೇ ಬೇಕು, ಎನ್‌ವಿಡಿಯಾದ ಕ್ವಾಡ್ರೋ ಸಿಂಕ್ ಕಾರ್ಡ್ ಥರದ್ದು. ಅಂಗಡಿ ಮುಂದಿನ ಜಾಹೀರಾತಿಗೆ ಅಷ್ಟೊಂದು ಖರ್ಚು ದಂಡ ಅನ್ನೋದು ನನ್ನ ಅಭಿಪ್ರಾಯ.

ಲೂಪ್ ಮಾಡೋರು ಗಮನಿಸಿ: ಫ್ಲಶಿಂಗ್ ಸೀಕ್ (ಕೈಯಲ್ಲಿರೋ ಫ್ರೇಮ್‌ಗಳನ್ನೆಲ್ಲ ಚೆಲ್ಲಿ ವಿಡಿಯೋದ ಬೇರೆ ಜಾಗಕ್ಕೆ ಹಾರೋದು) ಆದಾಗ ರನ್ನಿಂಗ್ ಟೈಮ್ ಮತ್ತೆ ಸೊನ್ನೆಯಿಂದ ಶುರು, ಹೊಸ ಬೇಸ್ ಟೈಮ್ ಮತ್ತೆ ನಾಲ್ಕಕ್ಕೂ ಹಂಚಬೇಕು.