ಎಡಿಟರ್ ತೆರೆದೊಡನೆ ನಿನ್ನೆಯ ಕೆಲಸ: ಮರಳಿ ಬರುವುದೇನು, ಬಾರದಿರುವುದೇನು

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನಾನು ನೋಡಿಕೊಳ್ಳುವ ಕಂಪ್ಯೂಟರುಗಳಲ್ಲಿ ಸಿಎನ್‌ಸಿ (ಕಂಪ್ಯೂಟರ್ ಆದೇಶದಂತೆ ಲೋಹ ಕತ್ತರಿಸುವ) ಯಂತ್ರಗಳ ಪ್ರೋಗ್ರಾಮುಗಳನ್ನು ತಿದ್ದುವುದು ಸಾಮಾನ್ಯವಾಗಿ ಪಠ್ಯ ಬರೆಯುವ, ತಿದ್ದುವ ಎಡಿಟರ್ ಆದ ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ. ಆ ಪ್ರೋಗ್ರಾಮುಗಳು ಸಾದಾ ಪಠ್ಯದ ಫೈಲುಗಳೇ ಆದ್ದರಿಂದ ಬೇರೆ ತಂತ್ರಾಂಶದ ಅಗತ್ಯವೂ ಬೀಳುವುದಿಲ್ಲ. ಕರೆಂಟು ಹೋಗಿ ಬಂದ ಮೇಲೆ ಎಡಿಟರ್ ತೆರೆದರೆ ಹಿಂದಿನ ಟ್ಯಾಬುಗಳೆಲ್ಲ ಇದ್ದಲ್ಲೇ ಇರಬೇಕೆಂಬುದು ಎಲ್ಲರ ಬೇಡಿಕೆ. ಸೆಟ್ಟಿಂಗ್ ಒಂದನ್ನು ಆನ್ ಮಾಡಿದರೆ ಅದು ಈಡೇರುತ್ತದೆ. ತೊಡಕು ಇರುವುದು ಮರಳಿ ಬಂದದ್ದು ಏನೆಂದು ತಿಳಿದುಕೊಳ್ಳುವುದರಲ್ಲಿ.

ಯಾವ ಫೈಲುಗಳು ತೆರೆದಿದ್ದವು, ಕರ್ಸರ್ ಯಾವ ಸಾಲಿನಲ್ಲಿತ್ತು ಎಂಬುದು ಒಂದು ಬಗೆಯ ನೆನಪು. ಸೇವ್ ಮಾಡದೆ ಬಿಟ್ಟ ತಿದ್ದುಪಡಿ ಇನ್ನೊಂದು ಬಗೆಯದು. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಮೊದಲನೆಯದನ್ನು ಸೆಷನ್ ಫೈಲಿನಲ್ಲಿ ಬರೆದಿಡುತ್ತದೆ. ಎರಡನೆಯದನ್ನು, ಸ್ನ್ಯಾಪ್‌ಶಾಟ್ ಆಯ್ಕೆ ಆನ್ ಇದ್ದರೆ, ಮೂಲ ಸೆಟ್ಟಿಂಗ್ ಪ್ರಕಾರ 7 ಸೆಕೆಂಡಿಗೊಮ್ಮೆ ಬೇರೊಂದು ಬ್ಯಾಕಪ್ ಫೋಲ್ಡರಿಗೆ ನಕಲಿಸುತ್ತದೆ. ಮೂಲ ಫೈಲನ್ನು ಅದು ಮುಟ್ಟುವುದಿಲ್ಲ. ಆಪರೇಟರ್ ಒಬ್ಬರು “ನಿನ್ನೇನ ತಿದ್ದೀನ್ರಿ ಸರ, ಇಲ್ಲೇ ಕಾಣಾಕತ್ತೈತಿ ನೋಡ್ರಿ” ಎಂದು ಪರದೆ ತೋರಿಸಿದಾಗ ಅವರು ಹೇಳಿದ್ದು ನಿಜವೇ ಆಗಿತ್ತು. ಆದರೆ ಟ್ಯಾಬಿನ ಮೇಲಿನ ಫ್ಲಾಪಿ ಚಿತ್ರ ಕೆಂಪಾಗಿತ್ತು, ಅಂದರೆ ತಿದ್ದುಪಡಿ ಸೇವ್ ಆಗಿರಲಿಲ್ಲ. ಪೆನ್ ಡ್ರೈವಿಗೆ ನಕಲಾಗಿ ಯಂತ್ರಕ್ಕೆ ಹೋದದ್ದು ಡಿಸ್ಕಿನಲ್ಲಿದ್ದ ಹಳೆಯ ಪ್ರತಿ. ಫೀಡಿನ (ಟೂಲ್ ಮುಂದೆ ಸಾಗುವ ವೇಗದ) ಒಂದು ಅಂಕಿ ಹಳೆಯದಾದರೂ ಟೂಲ್ ಮುರಿಯುವ ಕೆಲಸವಿದು. ಹಾಗಾಗಿ ಇಂಥ ಕಂಪ್ಯೂಟರುಗಳಲ್ಲಿ ನಾನು ಟ್ಯಾಬುಗಳ ನೆನಪನ್ನಷ್ಟೇ ಆನ್ ಇಟ್ಟು, ಸ್ನ್ಯಾಪ್‌ಶಾಟನ್ನು ಆಫ್ ಮಾಡುತ್ತೇನೆ. ಆಗ ಮುಚ್ಚುವಾಗ ಎಡಿಟರ್ ‘ಸೇವ್ ಮಾಡಲೇ’ ಎಂದು ಕೇಳಿಯೇ ಕೇಳುತ್ತದೆ. ಕರೆಂಟು ಹೋದಾಗ ಕೊನೆಯ ಸಲ ಸೇವ್ ಮಾಡಿದ ಮೇಲೆ ಬರೆದದ್ದು ಕಳೆಯಬಹುದು ನಿಜ, ಅದಕ್ಕೆ ಯುಪಿಎಸ್ ಇಡಬೇಕು.

ವಿಎಸ್ ಕೋಡ್, ಈಮ್ಯಾಕ್ಸ್, ವಿಮ್ ಮುಂತಾದ ಎಡಿಟರುಗಳನ್ನು ಬಳಸುವ ಪ್ರೋಗ್ರಾಮರುಗಳ ಲೆಕ್ಕವೇ ಬೇರೆ. ವಿಎಸ್ ಕೋಡ್ ಬಳಸುವವರು ಏನೂ ಮಾಡಬೇಕಾಗಿಲ್ಲ, ಅದು ತಾನಾಗಿಯೇ ಹಿಂದಿನ ವಿಂಡೋಗಳನ್ನೂ ಸೇವ್ ಆಗದ ಬರಹವನ್ನೂ ಮರಳಿ ತರುತ್ತದೆ. ಈಮ್ಯಾಕ್ಸ್‌ನಲ್ಲಿ ಆರಂಭಿಕ ಸಂರಚನಾ ಫೈಲಿಗೆ ಡೆಸ್ಕ್‌ಟಾಪ್-ಸೇವ್-ಮೋಡ್ ಆನ್ ಮಾಡುವ ಒಂದು ಸಾಲು ಸೇರಿಸಿದರೆ ಸಾಕು. ಆದರೆ ಅದು ಉಳಿಸುವುದು ಫೈಲುಗಳ ಪಟ್ಟಿ, ಕರ್ಸರಿನ ಸ್ಥಾನ, ವಿಂಡೋಗಳ ಜೋಡಣೆ ಇಂಥವನ್ನಷ್ಟೇ. ಸೇವ್ ಆಗದ ಬರಹ ಆಟೋ-ಸೇವ್ ಫೈಲಿನಲ್ಲಿರುತ್ತದೆ, ಅದನ್ನು ನಾವೇ ಕೇಳಿ ತರಿಸಿಕೊಳ್ಳಬೇಕು. ಕರೆಂಟು ಹೋಗಿ ಈಮ್ಯಾಕ್ಸ್ ಅರ್ಧಕ್ಕೆ ನಿಂತಿದ್ದರೆ ಅದರ ಬೀಗದ ಫೈಲು ಹಾಗೆಯೇ ಉಳಿದು, ಮುಂದಿನ ಸಲ ‘ಈ ಡೆಸ್ಕ್‌ಟಾಪ್ ಬಳಕೆಯಲ್ಲಿರುವಂತಿದೆ’ ಎಂಬ ಪ್ರಶ್ನೆ ಎದುರಾಗಬಹುದು. ಬೇರೆ ಈಮ್ಯಾಕ್ಸ್ ನಡೆಯುತ್ತಿಲ್ಲವೆಂದು ಖಚಿತಪಡಿಸಿಕೊಂಡು ಹೌದು ಎನ್ನಬಹುದು.

ವಿಮ್‌ನಲ್ಲಿ ಇದನ್ನು ಕೈಯಾರೆ ಕಟ್ಟಿಕೊಳ್ಳಬೇಕು, ಎಡವುವುದೂ ಇಲ್ಲಿಯೇ ಹೆಚ್ಚು. ಎಂಕೆಸೆಷನ್ ಆದೇಶ ಸೆಷನ್ನನ್ನು ಬರೆದಿಡುತ್ತದೆ. ವಿಮ್ ಏಳುವಾಗ ಅದನ್ನು ಓದಿಸಲು ವಿಮ್‌ಎಂಟರ್ ಘಟನೆಗೆ ಒಂದು ಆಟೋಕಮಾಂಡ್ (ಘಟನೆಯಾದೊಡನೆ ತಾನಾಗಿ ಓಡುವ ಆದೇಶ) ಬರೆಯುತ್ತಾರೆ. ಆ ಆಟೋಕಮಾಂಡಿಗೆ ‘ನೆಸ್ಟೆಡ್’ ಎಂಬ ಪದ ಸೇರಿಸದಿದ್ದರೆ ಫೈಲುಗಳು ಬರುತ್ತವೆ, ಕೋಡಿನ ಪದಗಳನ್ನು ಬೇರೆಬೇರೆಯಾಗಿ ತೋರಿಸುವ ಅವುಗಳ ಸಿಂಟ್ಯಾಕ್ಸ್ ಬಣ್ಣ ಬರುವುದಿಲ್ಲ, ಏಕೆಂದರೆ ಒಂದು ಆಟೋಕಮಾಂಡಿನೊಳಗೆ ಇನ್ನೊಂದು ಓಡದಂತೆ ವಿಮ್ ತಡೆಯುತ್ತದೆ. ಜೊತೆಗೆ, ಫೈಲಿನ ಹೆಸರು ಕೊಟ್ಟು ವಿಮ್ ತೆರೆದಾಗ ಸೆಷನ್ ಓದಬಾರದೆಂಬ ಷರತ್ತನ್ನೂ ಹಾಕಬೇಕು. ಇಲ್ಲವಾದರೆ ಗಿಟ್ ಕಮಿಟ್ಟಿನ (ಕೋಡಿನ ಬದಲಾವಣೆ ದಾಖಲಿಸುವಾಗಿನ ಟಿಪ್ಪಣಿಯ) ಎರಡು ಸಾಲು ಬರೆಯಲು ಹೋದವನ ಮುಂದೆ ಇಡೀ ಪ್ರಾಜೆಕ್ಟ್ ಬಂದು ಕೂರುತ್ತದೆ. ವಿಮ್‌ನ ಸೆಷನ್‌ ಆಯ್ಕೆಗಳಲ್ಲಿ ‘ಆಪ್ಷನ್ಸ್’ ಎಂಬುದು ಮೊದಲೇ ಸೇರಿರುತ್ತದೆ. ಅದನ್ನು ತೆಗೆಯದಿದ್ದರೆ ನೀವು ಇಂದು ಬದಲಿಸಿದ ಸೆಟ್ಟಿಂಗನ್ನು ಹಳೆಯ ಸೆಷನ್ ಅಳಿಸಿಹಾಕುತ್ತದೆ, ಏನು ತಪ್ಪಿತೆಂದು ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ.

ಇನ್ನೂ ಒಂದು ಮಾತು: ವಿಮ್‌ನ ಸೆಷನ್ ಫೈಲು ಬರಿಯ ಪಟ್ಟಿಯಲ್ಲ, ಆದೇಶಗಳ ಕಡತ. ಯಾರೋ ಕೊಟ್ಟ ಫೋಲ್ಡರಿನಲ್ಲಿರುವ ಸೆಷನ್ ಫೈಲು ತಾನಾಗಿ ಓದಿಕೊಳ್ಳುವಂತೆ ಮಾಡಿದರೆ, ಅದರೊಳಗೆ ಬರೆದದ್ದೆಲ್ಲ ನಿಮ್ಮ ಕಂಪ್ಯೂಟರಿನಲ್ಲಿ ನಡೆದುಹೋಗುತ್ತದೆ. ಸೆಷನ್ನುಗಳನ್ನು ನಿಮ್ಮದೇ ಹೋಮ್ ಫೋಲ್ಡರಿನಲ್ಲಿ, ಪ್ರಾಜೆಕ್ಟಿಗೊಂದರಂತೆ ಇಟ್ಟುಕೊಂಡರೆ ಈ ಭಯವಿಲ್ಲ. ಸೆಷನ್ನೇ ಕೆಟ್ಟು ಎಡಿಟರ್ ಏಳದಂತಾದರೆ ಅದನ್ನು ಬಿಟ್ಟು ತೆರೆಯುವ ದಾರಿಯೂ ಇದೆ: ಈಮ್ಯಾಕ್ಸ್‌ಗೆ ಆರಂಭದಲ್ಲಿ ‘ನೋ-ಡೆಸ್ಕ್‌ಟಾಪ್’, ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ಗೆ ‘ನೋಸೆಷನ್’ ಎಂಬ ಸೂಚನೆ ಕೊಟ್ಟರೆ ಆಯಿತು.